ಕವಾಟ ಬದಲಿಸುವ ಮುನ್ನ ಮೂರು ಲೆಕ್ಕ

ಮೋಟಾರ್ ಸೈಕಲ್ಲಿನ ಎಂಜಿನ್ ಒಂದನ್ನು ಸ್ಪರ್ಧೆಗೆ ಅಣಿಗೊಳಿಸಲೆಂದು ಬಿಚ್ಚಿದ್ದಾರೆ ಎಂದುಕೊಳ್ಳಿ. ಸಿಲಿಂಡರ್ ಹೆಡ್ ಮೇಜಿನ ಮೇಲಿದೆ. ಪಿಸ್ಟನ್ ಹೊಸದು, ಕ್ಯಾಮ್ ದಂಡ ಹೊಸದು. ಆಗ ತಂಡದಲ್ಲಿ ಒಬ್ಬರು ಕೇಳುತ್ತಾರೆ: "ಹೇಗೂ ಹೆಡ್ ಬಿಚ್ಚಿದೆ, ಕವಾಟಗಳನ್ನೂ ಬದಲಿಸಿಬಿಡೋಣವೆ?" ಮಾರುಕಟ್ಟೆಯಲ್ಲಿ ದೊಡ್ಡ ತಲೆಯ ಕವಾಟಗಳಿವೆ, ಟೈಟಾನಿಯಂನ ಹಗುರ ಕವಾಟಗಳಿವೆ, ಒಳಗೆ ಸೋಡಿಯಂ ತುಂಬಿದವೂ ಇವೆ. ಬೆಲೆ ಮಾತ್ರ ಕಡಿಮೆಯಲ್ಲ. ಕಾಲೇಜು ತಂಡವೊಂದರ ಬಳಿ ಇರುವುದು ಸಾಮಾನ್ಯವಾಗಿ ಒಂದೇ ಎಂಜಿನ್, ಒಂದು ವರ್ಷದ ಹಣ. ಅಗತ್ಯವಿಲ್ಲದ ಕವಾಟಕ್ಕೆ ಹಣ ಹೋದರೆ ಅಗತ್ಯವಾದ ಇನ್ನೊಂದಕ್ಕೆ ಉಳಿಯುವುದಿಲ್ಲ. ಅಗತ್ಯವಿದ್ದೂ ಬದಲಿಸದೆ ಕವಾಟ ಮುರಿದು ಸಿಲಿಂಡರಿನೊಳಗೆ ಬಿದ್ದರೆ ಇಡೀ ಎಂಜಿನ್ನೇ ಹೋಗುತ್ತದೆ.

ಈ ಪ್ರಶ್ನೆಯನ್ನು ಅಭಿಪ್ರಾಯದಿಂದ ತೀರ್ಮಾನಿಸಬೇಕಾಗಿಲ್ಲ. ಪದವಿಪೂರ್ವ ತರಗತಿಯ ಭೌತಶಾಸ್ತ್ರ ಸಾಕು. ಕವಾಟಕ್ಕೆ ಮೂರು ಪ್ರಶ್ನೆಗಳನ್ನು ಹಾಕಬೇಕು. ಎಂಜಿನ್ನಿಗೆ ಬೇಕಾದಷ್ಟು ಗಾಳಿ ಅದರ ಮೂಲಕ ಹರಿಯುತ್ತದೆಯೆ? ಕ್ಯಾಮಿನ ಹಿಂದೆ ಅದು ತಪ್ಪದೆ ಓಡಬಲ್ಲದೆ? ಬಿಸಿಯನ್ನು ತಾಳಬಲ್ಲದೆ? ಮೊದಲನೆಯದು ದ್ರವಚಲನೆಯ ಪ್ರಶ್ನೆ, ಎರಡನೆಯದು ನ್ಯೂಟನ್ನನ ಎರಡನೆಯ ನಿಯಮದ್ದು, ಮೂರನೆಯದು ಉಷ್ಣವಹನದ್ದು. ಒಂದೊಂದಾಗಿ ನೋಡೋಣ.

ನಮ್ಮ ಉದಾಹರಣೆ

ಲೆಕ್ಕಕ್ಕೆ ಒಂದು ನಿಜವಾದ ಎಂಜಿನ್ ಇರಲಿ. ಭಾರತದಲ್ಲಿ 2013ರಲ್ಲಿ ಮಾರಾಟಕ್ಕೆ ಬಂದ ಕೆಟಿಎಂ 390 ಡ್ಯೂಕ್ ಬೈಕಿನ ಮೊದಲ ತಲೆಮಾರಿನ ಎಂಜಿನ್ನನ್ನು ಆರಿಸಿಕೊಳ್ಳೋಣ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ಕಟ್ಟುವ ಸ್ಪರ್ಧಾ ಕಾರುಗಳಲ್ಲಿ ಇದನ್ನು ಧಾರಾಳವಾಗಿ ಬಳಸಿದ್ದಾರೆ. ಒಂದೇ ಸಿಲಿಂಡರ್, ಅದರ ವ್ಯಾಸ 89 ಮಿಮೀ, ಪಿಸ್ಟನ್ ಚಲಿಸುವ ದೂರ 60 ಮಿಮೀ, ಒಟ್ಟು ಗಾತ್ರ 373 ಘನ ಸೆಂಮೀ. ಸುಮಾರು 43 ಅಶ್ವಶಕ್ತಿಯ ಗರಿಷ್ಠ ಸಾಮರ್ಥ್ಯ ನಿಮಿಷಕ್ಕೆ 9000 ಸುತ್ತಿನ ಆಸುಪಾಸಿನಲ್ಲಿ ದೊರೆಯುತ್ತದೆ. ಗಾಳಿ ಒಳಬರಲು ಎರಡು, ಉರಿದ ಅನಿಲ ಹೊರಹೋಗಲು ಎರಡು, ಹೀಗೆ ನಾಲ್ಕು ಕವಾಟಗಳು. ಗ್ಯಾರೇಜಿನವರ ಮಾತಿನಲ್ಲೇ ಇವನ್ನು ಇನ್‌ಲೆಟ್ ಮತ್ತು ಎಕ್ಸಾಸ್ಟ್ ಕವಾಟಗಳೆಂದು ಕರೆಯೋಣ.

ಇನ್‌ಲೆಟ್ ಕವಾಟದ ತಲೆಯ ವ್ಯಾಸ 36 ಮಿಮೀ, ಅದು ಪೀಠದಿಂದ ಏಳುವ ಗರಿಷ್ಠ ಎತ್ತರ 9 ಮಿಮೀ ಎಂದು ಲೆಕ್ಕದ ಮಟ್ಟಿಗೆ ಇಟ್ಟುಕೊಳ್ಳೋಣ. ನಿಮ್ಮ ಕೈಯಲ್ಲಿರುವ ಎಂಜಿನ್ನಿನ ಕವಾಟವನ್ನು ವರ್ನಿಯರ್ ಕ್ಯಾಲಿಪರಿನಿಂದ ಅಳೆದು ಆ ಸಂಖ್ಯೆಗಳನ್ನೇ ಹಾಕಬಹುದು, ವಿಧಾನ ಬದಲಾಗದು.

ಮೊದಲ ಲೆಕ್ಕ: ಉಸಿರು

ಕವಾಟ ಎದ್ದಾಗ ಅದರ ಅಂಚಿಗೂ ಪೀಠಕ್ಕೂ ನಡುವೆ ಬಳೆಯಾಕಾರದ ಸಂದು ಉಂಟಾಗುತ್ತದೆ. ಗಾಳಿ ಹರಿಯುವುದು ಈ ಸಂದಿನ ಮೂಲಕ. ಅದರ ವಿಸ್ತೀರ್ಣ = ಪೈ × ವ್ಯಾಸ × ಎತ್ತರ. ಕವಾಟದ ಹಿಂದಿರುವ ರಂಧ್ರದ ವಿಸ್ತೀರ್ಣ = ಪೈ × ವ್ಯಾಸದ ವರ್ಗ ÷ 4. ಇವೆರಡೂ ಸಮವಾಗುವುದು ಎತ್ತರವು ವ್ಯಾಸದ ಕಾಲು ಭಾಗವಾದಾಗ. ನಮ್ಮ ಉದಾಹರಣೆಯಲ್ಲಿ 36ರ ಕಾಲು ಭಾಗ 9 ಮಿಮೀ. ಅಂದರೆ ಇದಕ್ಕಿಂತ ಬಹಳ ಎತ್ತರಕ್ಕೆ ಎತ್ತುವ ಕ್ಯಾಮ್ ಹಾಕಿದರೂ ಹರಿವು ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಆಗ ರಂಧ್ರವೇ ಮಿತಿಯಾಗುತ್ತದೆ.

ಆದರೆ ಕವಾಟ ಸಾಕಷ್ಟು ದೊಡ್ಡದೆ ಎಂಬುದನ್ನು ಕೇವಲ ವಿಸ್ತೀರ್ಣದಿಂದ ಹೇಳಲಾಗದು. ಎಂಜಿನ್ ಕೇಳುವ ಗಾಳಿಯೊಡನೆ ಅದನ್ನು ಹೋಲಿಸಬೇಕು. ಇದಕ್ಕೆ ಒಂದು ಸರಳ ಅಳತೆಗೋಲನ್ನು ಅಮೆರಿಕದ ಎಂಐಟಿಯಲ್ಲಿ ಪ್ರಾಧ್ಯಾಪಕರಾಗಿದ್ದ ಚಾರ್ಲ್ಸ್ ಫೇಯೆಟ್ ಟೇಲರ್ ಪ್ರಚಾರಕ್ಕೆ ತಂದರು. ಕವಾಟದ ಮೂಲಕ ಗಾಳಿ ಹಾಯುವ ಸರಾಸರಿ ವೇಗವನ್ನು ಶಬ್ದದ ವೇಗದಿಂದ ಭಾಗಿಸಿ. ಈ ಅನುಪಾತ ಸುಮಾರು 0.5ರಿಂದ 0.6ರವರೆಗೆ ಇದ್ದಾಗ ಸಿಲಿಂಡರ್ ಚೆನ್ನಾಗಿ ತುಂಬುತ್ತದೆ. 0.6 ದಾಟಿದರೆ ತುಂಬುವಿಕೆ ಬೇಗನೆ ಕುಸಿಯುತ್ತದೆ. ಈ ಅನುಪಾತಕ್ಕೆ ಮಾಕ್ ಸೂಚ್ಯಂಕವೆಂದು ಹೆಸರು.

ಈಗ ಸಂಖ್ಯೆಗಳನ್ನು ಹಾಕೋಣ. 9000 ಸುತ್ತಿನಲ್ಲಿ ಪಿಸ್ಟನ್ನಿನ ಸರಾಸರಿ ವೇಗ = 2 × 0.060 × 9000 ÷ 60, ಅಂದರೆ ಸೆಕೆಂಡಿಗೆ 18 ಮೀಟರ್. ಪಿಸ್ಟನ್ನಿನ ವಿಸ್ತೀರ್ಣ ಎರಡು ಇನ್‌ಲೆಟ್ ಕವಾಟಗಳ ವಿಸ್ತೀರ್ಣದ ಎಷ್ಟು ಪಟ್ಟು? ವ್ಯಾಸಗಳ ವರ್ಗಗಳನ್ನು ಹೋಲಿಸಿದರೆ ಸಾಕು: 7921 ÷ 2592, ಸುಮಾರು 3.06. ಗಾಳಿಯ ವೇಗವೂ ಅಷ್ಟೇ ಪಟ್ಟು ಹೆಚ್ಚಬೇಕು: 18 × 3.06 = 55 ಮೀಟರ್. ಆದರೆ ಕವಾಟ ಪೂರ್ತಿ ತೆರೆದೇ ಇರುವುದಿಲ್ಲ, ಗಾಳಿಯೂ ಅಂಚುಗಳಲ್ಲಿ ಸುಳಿಗಟ್ಟುತ್ತದೆ. ಇದನ್ನೆಲ್ಲ ಸೇರಿಸಿ 0.35 ಎಂಬ ಸರಾಸರಿ ಹರಿವಿನ ಗುಣಾಂಕವನ್ನು ತೆಗೆದುಕೊಳ್ಳೋಣ. 55 ÷ 0.35 = 157 ಮೀಟರ್. ಶಬ್ದದ ವೇಗ ಸೆಕೆಂಡಿಗೆ 345 ಮೀಟರ್ ಎಂದರೆ ಸೂಚ್ಯಂಕ 0.46.

ಅದೇ ರೀತಿ 10500 ಸುತ್ತಿನಲ್ಲಿ ಸೂಚ್ಯಂಕ 0.53, 12000 ಸುತ್ತಿನಲ್ಲಿ 0.61. ಅಂದರೆ ಈ ಕವಾಟಗಳಿಗೆ ಉಸಿರು ಕಟ್ಟುವುದು ಸುಮಾರು 12000 ಸುತ್ತಿನಲ್ಲಿ. 9000ದಿಂದ 10000 ಸುತ್ತಿನ ನಡುವೆ ಓಡಿಸುವ ಉದ್ದೇಶವಿದ್ದರೆ ದೊಡ್ಡ ಕವಾಟದಿಂದ ಹೇಳಿಕೊಳ್ಳುವಂಥ ಲಾಭವಿಲ್ಲ.

ಇದೇ ಸಿಲಿಂಡರಿಗೆ 45 ಮಿಮೀ ವ್ಯಾಸದ ಒಂದೇ ಇನ್‌ಲೆಟ್ ಕವಾಟವಿದ್ದಿದ್ದರೆ? 7921 ÷ 2025 = 3.91. ಸೂಚ್ಯಂಕ 9000 ಸುತ್ತಿನಲ್ಲೇ 0.58 ಆಗುತ್ತಿತ್ತು. ಎರಡು ಸಣ್ಣ ಕವಾಟಗಳು ಒಂದು ದೊಡ್ಡ ಕವಾಟಕ್ಕಿಂತ ಮೇಲು ಎಂಬುದಕ್ಕೆ ಕಾರಣ ಇದೇ. 1912ರ ಗ್ರಾಂ ಪ್ರಿ ಸ್ಪರ್ಧೆಯ ಪ್ಯೂಜೋ ಕಾರಿನಲ್ಲೇ ಸಿಲಿಂಡರಿಗೆ ನಾಲ್ಕು ಕವಾಟಗಳಿದ್ದವು. ಆದ್ದರಿಂದ ಹಳೆಯ ಮಾದರಿಯ, ಎರಡು ಕವಾಟಗಳ ಎಂಜಿನ್ ನಿಮ್ಮ ಕೈಯಲ್ಲಿದ್ದರೆ ಉತ್ತರ ಬೇರೆಯಾಗಬಹುದು. ಅಲ್ಲಿ ದೊಡ್ಡ ಕವಾಟದ ಮಾತಿಗೆ ಅರ್ಥವಿದೆ.

ಇನ್ನೊಂದು ಅಂಶವನ್ನು ಗಮನಿಸಿ. 36 ಮಿಮೀ ಕವಾಟದ ಬದಲು 37 ಮಿಮೀ ಕವಾಟ ಹಾಕಿದರೆ ವಿಸ್ತೀರ್ಣ ಶೇಕಡಾ 5.6ರಷ್ಟು ಹೆಚ್ಚುತ್ತದೆ. ಹಳೆಯ ಕವಾಟವನ್ನೇ ಉಳಿಸಿಕೊಂಡು ಹರಿವಿನ ಗುಣಾಂಕವನ್ನು 0.35ರಿಂದ 0.37ಕ್ಕೆ ಏರಿಸಿದರೂ ಸೂಚ್ಯಂಕದ ಮೇಲೆ ಪರಿಣಾಮ ಅಷ್ಟೇ. ಪೀಠವನ್ನು ಒಂದೇ ಕೋನದಲ್ಲಿ ಕೆತ್ತುವ ಬದಲು 30, 45, 60 ಡಿಗ್ರಿಗಳ ಮೂರು ಕೋನಗಳಲ್ಲಿ ಕೆತ್ತಿ, ರಂಧ್ರದ ಒಳತಿರುವನ್ನು ನಯಗೊಳಿಸಿದರೆ ಗುಣಾಂಕ ಹೆಚ್ಚುತ್ತದೆ. ದೊಡ್ಡ ಕವಾಟಕ್ಕೆ ಹೊಸ ಪೀಠವೂ ಬೇಕು. ಇದಕ್ಕೆ ಒಳ್ಳೆಯ ಯಂತ್ರಾಗಾರದ ಒಂದು ದಿನದ ಕೆಲಸ ಸಾಕು.

ಎಲ್ಲಕ್ಕಿಂತ ಕಿರಿದಾದ ಬಾಗಿಲು ಯಾವುದು?

ಕಾಲೇಜು ತಂಡಗಳ ಫಾರ್ಮುಲಾ ಸ್ಪರ್ಧೆಗಳಲ್ಲಿ ಒಂದು ವಿಶೇಷ ನಿಯಮವಿದೆ. ಪೆಟ್ರೋಲ್ ಎಂಜಿನ್ನಿಗೆ ಹೋಗುವ ಗಾಳಿಯೆಲ್ಲ 20 ಮಿಮೀ ವ್ಯಾಸದ ಒಂದು ಕಿರುಗಂಡಿಯ ಮೂಲಕವೇ ಹೋಗಬೇಕು. ಇದರ ವಿಸ್ತೀರ್ಣ 314 ಚದರ ಮಿಮೀ. ನಮ್ಮ ಎರಡು ಕವಾಟಗಳು ಪೂರ್ತಿ ಎದ್ದಾಗ ದೊರೆಯುವ ಸಂದು 2036 ಚದರ ಮಿಮೀ, ಅಂದರೆ ಸುಮಾರು ಆರೂವರೆ ಪಟ್ಟು!

ಕಿರುಗಂಡಿಯಲ್ಲಿ ಗಾಳಿಯ ವೇಗ ಶಬ್ದದ ವೇಗವನ್ನು ಮುಟ್ಟಿದ ಮೇಲೆ, ಆಚೆ ಎಷ್ಟೇ ಎಳೆದರೂ ಹರಿವು ಹೆಚ್ಚುವುದಿಲ್ಲ. ಸಾಮಾನ್ಯ ವಾಯುಒತ್ತಡ, 300 ಕೆಲ್ವಿನ್ ಉಷ್ಣತೆಯಲ್ಲಿ ಈ ಮಿತಿ ಸೆಕೆಂಡಿಗೆ ಸುಮಾರು 74 ಗ್ರಾಂ ಗಾಳಿ. 373 ಘನ ಸೆಂಮೀ ಎಂಜಿನ್ 9000 ಸುತ್ತಿನಲ್ಲಿ ಸೆಕೆಂಡಿಗೆ 75 ಬಾರಿ ಉಸಿರೆಳೆಯುತ್ತದೆ. ಪ್ರತಿಸಲ ಪೂರ್ತಿ ತುಂಬಿದರೂ ಒಟ್ಟು 33 ಗ್ರಾಂ. ಸರಾಸರಿಯಲ್ಲಿ ಇದು ಮಿತಿಯ ಅರ್ಧಕ್ಕಿಂತ ಕಡಿಮೆ. ಆದರೆ ಒಂದೇ ಸಿಲಿಂಡರಿನ ಎಂಜಿನ್ ಸಮನಾಗಿ ಉಸಿರೆಳೆಯುವುದಿಲ್ಲ. ಎರಡು ಸುತ್ತಿನ ಆವರ್ತದಲ್ಲಿ ಮೂರನೆಯ ಒಂದು ಭಾಗ ಮಾತ್ರ ಎಳೆದು ಉಳಿದ ಕಾಲ ಸುಮ್ಮನಿರುತ್ತದೆ. ಎಳೆಯುವ ಗಳಿಗೆಯಲ್ಲಿ ಬೇಡಿಕೆ 100 ಗ್ರಾಂ ಮುಟ್ಟುತ್ತದೆ, ಅಂದರೆ ಮಿತಿಯನ್ನು ಮೀರುತ್ತದೆ. ಆದ್ದರಿಂದ ಕಿರುಗಂಡಿಗೂ ಕವಾಟಕ್ಕೂ ನಡುವೆ ಗಾಳಿ ಸಂಗ್ರಹಿಸುವ ಡಬ್ಬಿಯೊಂದು ಬೇಕು. ಓವರ್‌ಹೆಡ್ ಟ್ಯಾಂಕಿಗೆ ಸಣ್ಣ ನಲ್ಲಿಯಿಂದ ದಿನವಿಡೀ ನೀರು ಸೇರಿ, ಬೆಳಗಿನ ಒಂದು ಗಂಟೆಯಲ್ಲಿ ಖರ್ಚಾಗುವ ಹಾಗೆಯೇ ಇದು. ಡಬ್ಬಿಯ ಗಾತ್ರ ಸಾಲದಿದ್ದರೆ ಎಷ್ಟು ದೊಡ್ಡ ಕವಾಟ ಹಾಕಿದರೂ ಪ್ರಯೋಜನವಿಲ್ಲ. ಹಣವಿದ್ದರೆ ಮೊದಲು ಆ ಡಬ್ಬಿಯತ್ತ ನೋಡಿ.

ಎರಡನೆಯ ಲೆಕ್ಕ: ಓಟ

ಕವಾಟವನ್ನು ತೆರೆಯುವುದು ಕ್ಯಾಮ್, ಮುಚ್ಚುವುದು ಸ್ಪ್ರಿಂಗ್. ಕ್ಯಾಮಿನ ಮೈ ಹಿಂದೆ ಸರಿದಂತೆ ಕವಾಟವೂ ಅದಕ್ಕೆ ಅಂಟಿಕೊಂಡೇ ಹಿಂದಿರುಗಬೇಕು. ವೇಗ ಹೆಚ್ಚಾದಾಗ ಸ್ಪ್ರಿಂಗ್ ಸೋತರೆ ಕವಾಟ ಕ್ಯಾಮನ್ನು ಬಿಟ್ಟು ತೇಲುತ್ತದೆ. ಹಾಗೆ ತೇಲಿದ ಕವಾಟವನ್ನು ಮೇಲೇರಿ ಬರುವ ಪಿಸ್ಟನ್ ಹೊಡೆಯಬಹುದು. ಸ್ಪರ್ಧೆಯ ಎಂಜಿನ್‌ಗಳು ಒಡೆಯುವುದಕ್ಕೆ ಇದೊಂದು ಮುಖ್ಯ ಕಾರಣ.

9000 ಸುತ್ತಿನಲ್ಲಿ ಕ್ಯಾಮ್ ದಂಡ ಅದರ ಅರ್ಧ ವೇಗದಲ್ಲಿ, ಅಂದರೆ ಸೆಕೆಂಡಿಗೆ 75 ಸಲ ತಿರುಗುತ್ತದೆ. ಕವಾಟವು ಕ್ರ್ಯಾಂಕಿನ 250 ಡಿಗ್ರಿಗಳಷ್ಟು ಕಾಲ, ಎಂದರೆ ಕ್ಯಾಮಿನ 125 ಡಿಗ್ರಿ, ತೆರೆದಿರುತ್ತದೆ ಎಂದರೆ ಆ ಅವಧಿ 4.63 ಮಿಲಿಸೆಕೆಂಡ್. ಈ ಅಲ್ಪಾವಧಿಯಲ್ಲಿ ಅದು 9 ಮಿಮೀ ಎದ್ದು ಮತ್ತೆ ಕೂರಬೇಕು. ಈ ಚಲನೆಯನ್ನು ಸರಳ ಸಂಗತ ಚಲನೆ ಎಂದು ಭಾವಿಸಿದರೆ:

ಗರಿಷ್ಠ ವೇಗೋತ್ಕರ್ಷ = (ಎತ್ತರ ÷ 2) × (2 × ಪೈ ÷ ಅವಧಿ)ಯ ವರ್ಗ

ಸಂಖ್ಯೆ ಹಾಕಿದರೆ ಇದು ಸುಮಾರು 8300 ಮೀಟರ್ ಪ್ರತಿ ಸೆಕೆಂಡ್ ವರ್ಗ, ಗುರುತ್ವ ವೇಗೋತ್ಕರ್ಷದ 840 ಪಟ್ಟಿಗೂ ಹೆಚ್ಚು. ನಿಜವಾದ ಕ್ಯಾಮಿನ ಆಕಾರ ಇಷ್ಟು ಸರಳವಲ್ಲ. ಅದನ್ನು ಕೆತ್ತುವವರು ತುದಿಯ ಬಳಿ ಬೇಕಾಗುವ ಬಲವನ್ನು ತಗ್ಗಿಸಿರುತ್ತಾರೆ. ಆದರೂ ಪ್ರಮಾಣ ತಿಳಿಯಲು ಈ ಲೆಕ್ಕ ಸಾಕು. ಕವಾಟ 30 ಗ್ರಾಂ, ಅದರೊಡನೆ ಚಲಿಸುವ ತಟ್ಟೆ, ಬೀಗಗಳು ಹಾಗೂ ಸ್ಪ್ರಿಂಗಿನ ಒಂದು ಭಾಗ 20 ಗ್ರಾಂ, ಒಟ್ಟು 50 ಗ್ರಾಂ ಎನ್ನೋಣ. ಬಲ = 0.05 × 8300 = 415 ನ್ಯೂಟನ್. ಐವತ್ತು ಗ್ರಾಮಿನ ವಸ್ತುವನ್ನು ಹಿಂದಿರುಗಿಸಲು 42 ಕಿಲೋಗ್ರಾಂ ಭಾರಕ್ಕೆ ಸಮನಾದ ಬಲ!

ಈಗ ಮುಖ್ಯವಾದ ಮಾತು. ಈ ಬಲ ವೇಗದ ವರ್ಗಕ್ಕೆ ಅನುಪಾತದಲ್ಲಿದೆ. 10500 ಸುತ್ತಿನಲ್ಲಿ 565 ನ್ಯೂಟನ್, 12000 ಸುತ್ತಿನಲ್ಲಿ 738 ನ್ಯೂಟನ್ ಬೇಕು. ಪೂರ್ತಿ ಎದ್ದಾಗ ಸ್ಪ್ರಿಂಗ್ ಕೊಡುವ ಬಲ 600 ನ್ಯೂಟನ್ ಆದರೆ ತೇಲುವಿಕೆ ಆರಂಭವಾಗುವುದು ಸುಮಾರು 10800 ಸುತ್ತಿನಲ್ಲಿ.

ಹಗುರ ಕವಾಟ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಟೈಟಾನಿಯಂ ಮಿಶ್ರಲೋಹದ ಸಾಂದ್ರತೆ ಉಕ್ಕಿನ ಸುಮಾರು ಶೇಕಡಾ 57. ಕವಾಟ 30 ಗ್ರಾಮಿನಿಂದ 17 ಗ್ರಾಮಿಗೆ ಇಳಿದರೆ ಒಟ್ಟು 37 ಗ್ರಾಂ. ಮಿತಿಯ ವೇಗ 50 ÷ 37ರ ವರ್ಗಮೂಲದಷ್ಟು, ಎಂದರೆ ಶೇಕಡಾ 16ರಷ್ಟು ಮೇಲೇರಿ 12500 ಸುತ್ತು ಮುಟ್ಟುತ್ತದೆ. ಇದೇ ಫಲ ಉಕ್ಕಿನ ಕವಾಟದಲ್ಲೂ ದೊರೆಯಬೇಕೆಂದರೆ ಸ್ಪ್ರಿಂಗಿನ ಬಲ 810 ನ್ಯೂಟನ್ ಆಗಬೇಕು. ಬಲವಾದ ಸ್ಪ್ರಿಂಗ್ ಅಗ್ಗ. ಆದರೆ ಕ್ಯಾಮಿನ ಮೈ ಬೇಗ ಸವೆಯುತ್ತದೆ. ಹಗುರ ಕವಾಟ ದುಬಾರಿ. ಆದರೆ ಕ್ಯಾಮಿನ ಮೇಲೆ ಹೊರೆ ಹಾಕದು.

ಆದರೆ ನೀವು 10000 ಸುತ್ತನ್ನು ದಾಟುವುದೇ ಇಲ್ಲವಾದರೆ ಎರಡೂ ಬೇಕಾಗಿಲ್ಲ. ಹಗುರ ಕವಾಟವು ತಾನಾಗಿ ಶಕ್ತಿಯನ್ನು ಹೆಚ್ಚಿಸದು. ಹೆಚ್ಚು ಸುತ್ತು ತಿರುಗಲು ಅನುಮತಿ ಕೊಡುತ್ತದೆ, ಅಷ್ಟೆ. ಆ ಸುತ್ತಿನಲ್ಲಿ ಉಸಿರಾಡಬಲ್ಲ ಕ್ಯಾಮ್, ಬಾಳಬಲ್ಲ ಪಿಸ್ಟನ್ ಮತ್ತು ಕನೆಕ್ಟಿಂಗ್ ರಾಡ್ ಇಲ್ಲದಿದ್ದರೆ ಆ ಅನುಮತಿ ಕಾಗದದಲ್ಲೇ ಉಳಿಯುತ್ತದೆ.

ಸ್ಪ್ರಿಂಗಿನ ಈ ಮಿತಿಯಿಂದ ಪಾರಾಗಲು ಎಂಜಿನಿಯರುಗಳು ಬೇರೆ ದಾರಿಗಳನ್ನೂ ಹುಡುಕಿದ್ದಾರೆ. 1954ರ ಮರ್ಸಿಡಿಸ್ ಡಬ್ಲ್ಯು 196 ಸ್ಪರ್ಧಾ ಕಾರಿನಲ್ಲಿ ಕವಾಟವನ್ನು ಮುಚ್ಚುವುದಕ್ಕೂ ಕ್ಯಾಮನ್ನೇ ಬಳಸಲಾಗಿತ್ತು. 1956ರಿಂದ ಡುಕಾಟಿ ಬೈಕುಗಳಲ್ಲಿ ಫಾಬಿಯೋ ತಾಲಿಯೋನಿ ಇದೇ ತತ್ತ್ವವನ್ನು ಬೆಳೆಸಿದರು. 1986ರಲ್ಲಿ ರೆನೋ ತನ್ನ ಫಾರ್ಮುಲಾ ಒನ್ ಎಂಜಿನ್ನಿನಲ್ಲಿ ಲೋಹದ ಸ್ಪ್ರಿಂಗಿನ ಬದಲು ಒತ್ತಿದ ಅನಿಲವನ್ನು ಬಳಸಿತು.

ಮೂರನೆಯ ಲೆಕ್ಕ: ಬಿಸಿ

ಇನ್‌ಲೆಟ್ ಕವಾಟವನ್ನು ಪ್ರತಿಸಲವೂ ತಣ್ಣನೆಯ ಗಾಳಿ ತೊಳೆಯುತ್ತದೆ. ಎಕ್ಸಾಸ್ಟ್ ಕವಾಟಕ್ಕೆ ಆ ಭಾಗ್ಯವಿಲ್ಲ. ಉರಿದ ಅನಿಲ ಅದರ ಅಂಚನ್ನು ಸವರಿಕೊಂಡೇ ಹೊರಹೋಗುತ್ತದೆ. ಸ್ಪರ್ಧೆಯಲ್ಲಿ ಅದರ ತಲೆ 700ರಿಂದ 800 ಡಿಗ್ರಿ ಸೆಲ್ಸಿಯಸ್ ಮುಟ್ಟಬಹುದು. ಈ ಉಷ್ಣದ ಸುಮಾರು ಮುಕ್ಕಾಲು ಪಾಲು ಕವಾಟ ಮುಚ್ಚಿದ್ದಾಗ ಪೀಠದ ಮೂಲಕ ಹೆಡ್ಡಿಗೆ ಹರಿಯುತ್ತದೆ. ಉಳಿದದ್ದು ದಂಡಿನಗುಂಟ ಇಳಿದು ಗೈಡಿಗೆ ಹೋಗುತ್ತದೆ. 720 ಡಿಗ್ರಿಗಳ ಆವರ್ತದಲ್ಲಿ 250 ಡಿಗ್ರಿ ತೆರೆದಿದ್ದರೆ ತಣಿಯಲು ಸಿಗುವ ಕಾಲ ಶೇಕಡಾ 65. ಹೆಚ್ಚು ಹೊತ್ತು ತೆರೆದಿಡುವ ಕ್ಯಾಮ್ ಹಾಕಿದಾಗ ಈ ಕಾಲವೂ ಕಡಿಮೆಯಾಗುತ್ತದೆ ಎಂಬುದನ್ನು ಮರೆಯಬಾರದು.

ಪೀಠದ ಅಗಲವೂ ಇಲ್ಲಿ ಮುಖ್ಯ. ಕಿರಿದಾದರೆ ಹರಿವಿಗೆ ಒಳ್ಳೆಯದು, ಉಷ್ಣವಹನಕ್ಕೆ ಕೆಟ್ಟದ್ದು. ಇನ್‌ಲೆಟ್ ಕವಾಟಕ್ಕೆ ಸುಮಾರು 1 ಮಿಮೀ, ಎಕ್ಸಾಸ್ಟಿಗೆ 1.5 ಮಿಮೀ ಇಡುವುದು ರೂಢಿ.

ಸಾಮಾನ್ಯ ಎಕ್ಸಾಸ್ಟ್ ಕವಾಟಗಳನ್ನು ಸುಮಾರು ಶೇಕಡಾ 21 ಕ್ರೋಮಿಯಂ, 4 ನಿಕಲ್ ಇರುವ ಉಕ್ಕಿನಿಂದ ಮಾಡುತ್ತಾರೆ. ಬಿಸಿ ಇನ್ನೂ ಹೆಚ್ಚಾಗುವಲ್ಲಿ, ಮುಖ್ಯವಾಗಿ ಟರ್ಬೊ ಅಳವಡಿಸಿದಾಗ, ಇಂಕೊನೆಲ್‌ನಂಥ ನಿಕಲ್ ಮಿಶ್ರಲೋಹಗಳು ಬೇಕಾಗುತ್ತವೆ. ಟೈಟಾನಿಯಂ ಇಲ್ಲಿ ಅಷ್ಟು ಸೂಕ್ತವಲ್ಲ. ಅದರ ಮಿಶ್ರಲೋಹಗಳ ಉಷ್ಣವಾಹಕತೆ ತೀರ ಕಡಿಮೆ. ಸಾಧಾರಣ ಮಿಶ್ರಲೋಹಗಳು ಈ ಉಷ್ಣತೆಯಲ್ಲಿ ಬಲವನ್ನೂ ಕಳೆದುಕೊಳ್ಳುತ್ತವೆ. 2006ರಲ್ಲಿ ಬಂದ ಷೆವರ್ಲೆ ಕಾರ್ವೆಟ್ ಜಡ್06 ಕಾರಿನ 7 ಲೀಟರ್ ಎಂಜಿನ್ನಿನಲ್ಲಿ ಇನ್‌ಲೆಟ್ ಕವಾಟಗಳು ಟೈಟಾನಿಯಂ, ಎಕ್ಸಾಸ್ಟ್ ಕವಾಟಗಳು ಸೋಡಿಯಂ ತುಂಬಿದ ಉಕ್ಕು. ಎರಡಕ್ಕೂ ಒಂದೇ ಲೋಹವನ್ನು ಬಳಸದಿರಲು ಕಾರಣವನ್ನು ಓದುಗರು ಈಗ ಊಹಿಸಬಲ್ಲರು.

ಸೋಡಿಯಂ ಏಕೆ? ಅದರ ದ್ರವನಬಿಂದು 98 ಡಿಗ್ರಿ, ಕುದಿಬಿಂದು 883 ಡಿಗ್ರಿ. ಟೊಳ್ಳು ದಂಡಿನ ಅರ್ಧದಷ್ಟು ಭಾಗದಲ್ಲಿ ಇದನ್ನು ತುಂಬಿ ಮುಚ್ಚಿದರೆ, ಎಂಜಿನ್ ಬಿಸಿಯಾದಾಗ ಕರಗಿ, ಕವಾಟ ಎದ್ದು ಕೂತಂತೆ ಮೇಲೆ ಕೆಳಗೆ ಕುಲುಕುತ್ತದೆ. ತಲೆಯ ಬಿಸಿಯನ್ನು ಹೊತ್ತು ದಂಡಿನ ತುದಿಗೆ ಸಾಗಿಸುತ್ತದೆ. 1920ರ ದಶಕದಲ್ಲಿ ಸ್ಯಾಮ್ಯುಯೆಲ್ ಹೆರಾನ್ ಈ ವಿಧಾನವನ್ನು ವಿಮಾನದ ಎಂಜಿನ್ನುಗಳಿಗಾಗಿ ರೂಪಿಸಿದರು. 1927ರ ಮೇ ತಿಂಗಳಲ್ಲಿ ಚಾರ್ಲ್ಸ್ ಲಿಂಡ್‌ಬರ್ಗ್ ಒಬ್ಬರೇ ನ್ಯೂಯಾರ್ಕಿನಿಂದ ಪ್ಯಾರಿಸಿಗೆ ಮೂವತ್ತಮೂರೂವರೆ ಗಂಟೆ ಎಡೆಬಿಡದೆ ಹಾರಿದಾಗ ಅವರ ವಿಮಾನದ ರೈಟ್ ವರ್ಲ್‌ವಿಂಡ್ ಎಂಜಿನ್ನಿನಲ್ಲಿ ಇಂಥ ಕವಾಟಗಳಿದ್ದವು. ಒಂದು ಎಚ್ಚರಿಕೆ: ಸೋಡಿಯಂ ತುಂಬಿದ ಹಳೆಯ ಕವಾಟವನ್ನು ಎಂದೂ ಗರಗಸದಿಂದ ಕತ್ತರಿಸಬೇಡಿ. ಸೋಡಿಯಂ ನೀರಿನೊಡನೆ ಹೇಗೆ ವರ್ತಿಸುತ್ತದೆಂದು ರಸಾಯನಶಾಸ್ತ್ರದ ತರಗತಿಯಲ್ಲಿ ನೋಡಿರುತ್ತೀರಿ.

ತೀರ್ಮಾನಕ್ಕೆ ಮುನ್ನ ಪರೀಕ್ಷೆ

ಮೂರೂ ಲೆಕ್ಕಗಳು ಹೊಸ ಕವಾಟ ಬೇಡವೆಂದರೂ ಹಳೆಯದು ಆರೋಗ್ಯವಾಗಿದೆಯೆ ಎಂದು ನೋಡಲೇಬೇಕು. ದಂಡನ್ನು ಮೈಕ್ರೋಮೀಟರಿನಿಂದ ಮೇಲೆ, ನಡುವೆ, ಕೆಳಗೆ ಅಳೆಯಿರಿ. ತಲೆಯ ಅಂಚು ಚೂಪಾಗಿದ್ದರೆ ಆ ಕವಾಟವನ್ನು ಎಸೆಯಿರಿ. ತೆಳುವಾದ ಅಂಚು ಬೇಗ ಕಾದು ಸುಟ್ಟುಹೋಗುತ್ತದೆ. ಕವಾಟ ಕೂರಿಸಿದ ಮೇಲೆ ರಂಧ್ರದೊಳಗೆ ಸೀಮೆಎಣ್ಣೆ ಸುರಿದು ಕೆಲವು ನಿಮಿಷ ಬಿಡಿ. ಆಚೆ ಒಸರಿದರೆ ಪೀಠ ಸರಿಯಿಲ್ಲ. ಉಕ್ಕಿನ ಕವಾಟವನ್ನು ಗ್ರೈಂಡಿಂಗ್ ಪೇಸ್ಟ್ ಹಚ್ಚಿ ಉಜ್ಜಬಹುದು. ಲೇಪನವಿರುವ ಟೈಟಾನಿಯಂ ಕವಾಟವನ್ನು ಹಾಗೆ ಉಜ್ಜಬಾರದು, ಲೇಪನವೇ ಹೋಗುತ್ತದೆ. ಅದಕ್ಕೆ ಹೊಂದುವ ಮೆದು ಪೀಠವೂ ಬೇಕು.

ಕ್ಯಾಮ್ ಅಥವಾ ಪಿಸ್ಟನ್ ಬದಲಾಗಿದ್ದರೆ ಪಿಸ್ಟನ್ನಿಗೂ ಕವಾಟಕ್ಕೂ ನಡುವಿನ ಅಂತರವನ್ನು ಅಳೆಯಿರಿ. ಮಕ್ಕಳು ಆಡುವ ಬಣ್ಣದ ಜೇಡಿಯನ್ನು ಪಿಸ್ಟನ್ನಿನ ನೆತ್ತಿಗೆ ಮೆತ್ತಿ, ಹೆಡ್ ಕೂರಿಸಿ, ಕೈಯಿಂದ ಎರಡು ಸುತ್ತು ತಿರುಗಿಸಿ ಬಿಚ್ಚಿ. ಜೇಡಿಯ ಅತಿ ತೆಳುವಾದ ಜಾಗವೇ ಆ ಅಂತರ. ಇನ್‌ಲೆಟ್ ಕಡೆ 2 ಮಿಮೀ, ಎಕ್ಸಾಸ್ಟ್ ಕಡೆ 2.5 ಮಿಮೀ ಇರುವುದು ಕ್ಷೇಮ. ದೊಡ್ಡ ಕವಾಟ ಹಾಕುವವರಿಗೆ ಈ ಪರೀಕ್ಷೆ ಕಡ್ಡಾಯ.

ಹಾಗಾದರೆ ಕ್ರಮ ಹೀಗಿರಲಿ. ಹಳೆಯ ಕವಾಟ ಸವೆದಿದ್ದರೆ ಅದೇ ಅಳತೆಯ ಹೊಸದನ್ನು ಹಾಕಿ. ಸುತ್ತಿನ ಮಿತಿಯನ್ನು ಏರಿಸುವುದಾದರೆ ಮೊದಲು ಸ್ಪ್ರಿಂಗ್ ಮತ್ತು ತಟ್ಟೆ, ಅದೂ ಸಾಲದಿದ್ದರೆ ಹಗುರ ಇನ್‌ಲೆಟ್ ಕವಾಟ. ಟರ್ಬೊ ಕೂರಿಸುವುದಾದರೆ ಮೊದಲು ಎಕ್ಸಾಸ್ಟ್ ಕವಾಟ. ಮಾಕ್ ಸೂಚ್ಯಂಕ 0.6 ಮೀರಿದರೆ ಮಾತ್ರ ದೊಡ್ಡ ಕವಾಟ, ಅದೂ ಪೀಠದ ಕೆಲಸ ಮುಗಿದ ಮೇಲೆ. ನಾವು ಆರಿಸಿಕೊಂಡ ಎಂಜಿನ್ 20 ಮಿಮೀ ಕಿರುಗಂಡಿಯೊಡನೆ 9500 ಸುತ್ತಿನೊಳಗೇ ಓಡುವುದಾದರೆ ಇವುಗಳಲ್ಲಿ ಸ್ಪ್ರಿಂಗಿನ ತಪಾಸಣೆ ಮತ್ತು ಪೀಠದ ಕೆಲಸದ ಹೊರತು ಬೇರಾವುದೂ ಬೇಕಾಗಿಲ್ಲ. ಈ ಮಾತೆಲ್ಲ ಸ್ಪರ್ಧೆಯ ಅಂಗಳದ ವಾಹನಕ್ಕೆ ಸಂಬಂಧಿಸಿದ್ದು. ರಸ್ತೆಯಲ್ಲಿ ಓಡುವ ವಾಹನವನ್ನು ಮನಬಂದಂತೆ ಮಾರ್ಪಡಿಸಲು ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ಅವಕಾಶ ಕೊಡುವುದಿಲ್ಲ.

ಅಧ್ಯಾಪಕರಿಗೊಂದು ಸಲಹೆ. ಊರಿನ ಗ್ಯಾರೇಜಿನ ಮೂಲೆಯಲ್ಲಿ ಹಳೆಯ ಕವಾಟಗಳು ಬಿದ್ದಿರುತ್ತವೆ. ದಂಡು ದಪ್ಪವಾಗಿದ್ದು ಸೋಡಿಯಂ ಇರಬಹುದೆಂಬ ಅನುಮಾನವಿದ್ದರೆ ಅದನ್ನು ಬಿಟ್ಟು ಬೇರೆಯದನ್ನು ತನ್ನಿ. ತರಗತಿಯಲ್ಲಿ ಅದನ್ನು ತೂಗಿಸಿ, ವ್ಯಾಸ ಅಳೆಸಿ. ಆ ಎಂಜಿನ್ನಿನ ಸಿಲಿಂಡರ್ ವ್ಯಾಸ, ಪಿಸ್ಟನ್ನಿನ ಓಟ ಮತ್ತು ಗರಿಷ್ಠ ಸುತ್ತಿನ ಸಂಖ್ಯೆಯನ್ನು ಕೊಟ್ಟು ಮೇಲಿನ ಮೊದಲ ಎರಡು ಲೆಕ್ಕಗಳನ್ನು ಮಾಡಿಸಿ. ಬೇರೆ ಬೇರೆ ಬೈಕುಗಳ ಸೂಚ್ಯಂಕಗಳನ್ನು ಕಪ್ಪುಹಲಗೆಯ ಮೇಲೆ ಸಾಲಾಗಿ ಬರೆಸಿದರೆ, ಯಾವ ಎಂಜಿನ್ನಿಗೆ ಉಸಿರು ಸಾಲದು, ಯಾವುದಕ್ಕೆ ಸ್ಪ್ರಿಂಗ್ ಸಾಲದು ಎಂಬುದನ್ನು ವಿದ್ಯಾರ್ಥಿಗಳೇ ಹೇಳುತ್ತಾರೆ.